ತಲೆಗಾಯದ ಅಡಿಯಲ್ಲಿ ಬುರುಡೆ ಒಡೆದಿದೆಯಾ? ಹೊಲಿಗೆ ಹಾಕುವ ಮುಂಚೆ ನೋಡಬೇಕಾದ್ದು

ತಲೆಗೆ ಪೆಟ್ಟು ಬಿದ್ದು ರಕ್ತ ಸುರಿಸಿಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಚರ್ಮ ಮಾತ್ರ ಹರಿದಿರುತ್ತದೆ. ತೊಳೆದು, ಹೊಲಿದು, ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಆಯಿತು. ದಿನಾ ಇದನ್ನೇ ಮಾಡಿ ಮಾಡಿ ಕೈ ಪಳಗುತ್ತದೆ. ಅಪಾಯ ಇರುವುದೂ ಅಲ್ಲೇ. ಹರಿದ ಚರ್ಮ ಕಣ್ಣಿಗೆ ರಾಚುತ್ತದೆ, ಒಡೆದ ಮೂಳೆ ರಕ್ತ ಮತ್ತು ಕೂದಲಿನ ಅಡಿಯಲ್ಲಿ ಸುಮ್ಮನೆ ಕೂತಿರುತ್ತದೆ. ಹೊಲಿಗೆ ಅಚ್ಚುಕಟ್ಟಾಗಿ ಬಿದ್ದಷ್ಟೂ ಅದು ಅಚ್ಚುಕಟ್ಟಾಗಿ ಮುಚ್ಚಿಹೋಗುತ್ತದೆ.

ಈ ಬರಹ ಕ್ಯಾಶುಯಾಲ್ಟಿಯಲ್ಲಿ ಹೊಸದಾಗಿ ಡ್ಯೂಟಿ ಮಾಡುವ ಡಾಕ್ಟರು, ನರ್ಸುಗಳು ಮತ್ತು ಆಂಬುಲೆನ್ಸ್ ಸಿಬ್ಬಂದಿಗೆ. ಬೇರೆಯವರು ಓದಿದರೂ ತೊಂದರೆ ಇಲ್ಲ. ಆದರೆ ಗಾಯದೊಳಗೆ ಬೆರಳಿಟ್ಟು ನೋಡುವ ಭಾಗ ಅವರಿಗಲ್ಲ. ಮನೆಯಲ್ಲೋ ರಸ್ತೆಯಲ್ಲೋ ಇಂಥದ್ದು ಕಂಡರೆ ಶುಭ್ರವಾದ ಬಟ್ಟೆ ಇಟ್ಟು, ತಗ್ಗಾದ ಜಾಗದ ಮೇಲೆ ಒತ್ತದೆ, ಕುತ್ತಿಗೆ ತಿರುಚದೆ ಆಸ್ಪತ್ರೆಗೆ ತಲುಪಿಸಿ. ಅರಿಶಿನ, ಕಾಫಿಪುಡಿ ಏನನ್ನೂ ತುಂಬಬೇಡಿ.

ನಿಯಮ ಒಂದೇ: ಗಾಯದ ತಳ ಕಾಣುವವರೆಗೆ ಸೂಜಿ ಎತ್ತಿಕೊಳ್ಳಬೇಡಿ.

ಎಚ್ಚರವಾಗಿ ಮಾತಾಡ್ತಿದ್ದಾರೆ, ಹಾಗಾದರೆ ಸರಿ ಅಲ್ವಾ?

ಅಲ್ಲ. ಮೊದಲು ಈ ನಂಬಿಕೆಯನ್ನೇ ಬಿಡಬೇಕು.

ವಾಹನದಿಂದ ಬಿದ್ದು ತಲೆ ನೆಲಕ್ಕೆ ಬಡಿದರೆ ಪೆಟ್ಟಿನ ಬಲ ಇಡೀ ತಲೆಗೆ ಹರಡುತ್ತದೆ. ಮಿದುಳು ಒಳಗೆ ಅಲುಗಾಡುತ್ತದೆ, ಪ್ರಜ್ಞೆ ತಪ್ಪುತ್ತದೆ. ಆದರೆ ಸುತ್ತಿಗೆ, ಕಲ್ಲು, ಕಬ್ಬಿಣದ ಸಲಾಕೆ, ಬಾಗಿಲಿನ ಮೂಲೆ, ಗಟ್ಟಿ ಚೆಂಡು ಇವು ಬೇರೆ. ಇವುಗಳ ಬಲವೆಲ್ಲ ಒಂದು ಸಣ್ಣ ಜಾಗದಲ್ಲಿ ಬೀಳುತ್ತದೆ. ಅಲ್ಲಿನ ಮೂಳೆ ಒಳಕ್ಕೆ ಕುಸಿಯುತ್ತದೆ, ಉಳಿದ ತಲೆಗೆ ಅಂಥ ಏಟೇ ತಾಗುವುದಿಲ್ಲ. ಆ ವ್ಯಕ್ತಿ ತಾನೇ ನಡೆದು ಬರುತ್ತಾನೆ, ಹೆಸರು ಹೇಳುತ್ತಾನೆ, ಯಾರು ಹೊಡೆದರು ಅಂತ ಬೈಯುತ್ತಲೂ ಇರುತ್ತಾನೆ. ಬುರುಡೆ ಒಳಕ್ಕೆ ತಗ್ಗಿದ ಎಷ್ಟೋ ಜನ ಒಂದು ಕ್ಷಣವೂ ಪ್ರಜ್ಞೆ ತಪ್ಪಿರುವುದಿಲ್ಲ.

ಹಾಗಾಗಿ ಏಟು ಹೇಗೆ ಬಿತ್ತು ಅನ್ನುವುದನ್ನು ಕೆದಕಿ ಕೇಳಿ. "ತಲೆಗೆ ಪೆಟ್ಟು" ಅಂತ ಬರೆದುಕೊಂಡು ಮುಂದೆ ಹೋಗಬೇಡಿ. ಯಾವುದರಿಂದ ಪೆಟ್ಟು? ಅದರ ತುದಿ ಎಷ್ಟು ದೊಡ್ಡದು? ಎಸೆದದ್ದಾ, ಬೀಸಿದ್ದಾ, ಮೇಲಿಂದ ಬಿದ್ದದ್ದಾ? ಎಷ್ಟು ಎತ್ತರದಿಂದ? ಎಷ್ಟು ಹೊತ್ತಾಯಿತು? ಆಮೇಲೆ ವಾಂತಿ ಆಯಿತಾ, ಫಿಟ್ಸ್ ಬಂತಾ? ಪೆಟ್ಟಿಗೆ ಮುಂಚಿನದು ನೆನಪಿದೆಯಾ? ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಾರಾ? ಜೊತೆಗೆ ಬಂದವರನ್ನು ಬೇರೆಯಾಗಿ ಕರೆದು ಕೇಳಿದರೆ ಇನ್ನೂ ಒಳ್ಳೆಯದು. ಹೊಡೆದಾಟದ ಕೇಸಿನಲ್ಲಿ ಗಾಯಾಳು ಹೇಳುವ ಕಥೆಗೂ ಅವರು ಹೇಳುವ ಕಥೆಗೂ ಎಷ್ಟೋ ಸಲ ತಾಳೆ ಆಗುವುದಿಲ್ಲ.

ಚಾಕು, ಮೊಳೆ, ಪೆನ್ನಿನಂಥ ಚೂಪಾದ ವಸ್ತು ಅಂದರೆ ಇನ್ನೂ ಹುಷಾರು. ಮೇಲೆ ಅರ್ಧ ಸೆಂಟಿಮೀಟರ್ ಗಾಯ, ರಕ್ತವೂ ನಿಂತಿರುತ್ತದೆ. ಆದರೆ ತುದಿ ಮಿದುಳಿನವರೆಗೆ ಹೋಗಿರಬಹುದು. ಕಣ್ಣಿನ ಮೇಲ್ರೆಪ್ಪೆಯ ಚುಚ್ಚುಗಾಯವನ್ನೂ ಇದೇ ಅನುಮಾನದಿಂದ ನೋಡಿ. ಕಣ್ಣುಗುಳಿಯ ಮೇಲ್ಛಾವಣಿಯ ಮೂಳೆ ಬಹಳ ತೆಳು, ಅದರ ಮೇಲೆಯೇ ಮಿದುಳು. ಗುಂಡು ಬುರುಡೆಯನ್ನು ಸವರಿಕೊಂಡು ಹೋಗಿದೆ, ಒಳಗೆ ಹೊಕ್ಕಿಲ್ಲ ಅಂದರೂ ಸ್ಕ್ಯಾನ್ ಬೇಕೇ ಬೇಕು.

ಚರ್ಮದಿಂದ ಮೂಳೆಯವರೆಗೆ ಐದು ಪದರ

ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೇಲೆ ಚರ್ಮ. ಅದರ ಕೆಳಗೆ ಗಟ್ಟಿ ನಾರಿನ ಪದರ, ರಕ್ತನಾಳಗಳೆಲ್ಲ ಇಲ್ಲೇ. ಸುತ್ತಲಿನ ನಾರುಗಳು ಈ ನಾಳಗಳ ಗೋಡೆಯನ್ನು ಹಿಡಿದುಕೊಂಡಿರುತ್ತವೆ. ಕತ್ತರಿಸಿದ ನಾಳ ಮುದುಡಿ ಮುಚ್ಚಿಕೊಳ್ಳಲು ಬಿಡುವುದಿಲ್ಲ. ಸಣ್ಣ ತಲೆಗಾಯದಿಂದಲೂ ಅಷ್ಟೊಂದು ರಕ್ತ ಹರಿಯುವುದು ಇದಕ್ಕೇ.

ಮೂರನೆಯದು ಗೇಲಿಯಾ. ಹುಬ್ಬಿನ ಮೇಲಿಂದ ತಲೆಯ ಹಿಂಭಾಗದವರೆಗೆ ಹಾಸಿರುವ ಗಟ್ಟಿ ಹಾಳೆ. ಇದು ಹರಿದರೆ ಗಾಯ ಬಾಯಿ ತೆರೆದುಕೊಳ್ಳುತ್ತದೆ. ಅಂಚುಗಳು ಅಗಲವಾಗಿ ಬಿಟ್ಟುಕೊಂಡ ಗಾಯ ಕಂಡರೆ ಗೇಲಿಯಾ ಹೋಗಿದೆ ಅಂತಲೇ ಲೆಕ್ಕ. ಹಾಗಾದರೆ ಏಟು ಮೂಳೆಯ ತನಕ ತಲುಪಿರುವ ಸಾಧ್ಯತೆಯೂ ಜಾಸ್ತಿ.

ನಾಲ್ಕನೆಯದು ಸಡಿಲ ಪದರ. ನಿಮ್ಮ ತಲೆಯ ಮೇಲೆ ಕೈಯಿಟ್ಟು ಹಿಂದೆ ಮುಂದೆ ಆಡಿಸಿ ನೋಡಿ. ಚರ್ಮ ಮೂಳೆಯ ಮೇಲೆ ಜಾರುತ್ತದೆ. ಜಾರುವುದು ಈ ಪದರದಲ್ಲೇ. ಇಲ್ಲಿಂದ ಕೆಲವು ಸಿರೆಗಳು ಬುರುಡೆಯನ್ನು ದಾಟಿ ಒಳಗಿನ ದೊಡ್ಡ ಸಿರೆಗಳಿಗೆ ಸೇರುತ್ತವೆ. ಅವಕ್ಕೆ ಕವಾಟ ಇಲ್ಲ. ಇಲ್ಲಿ ಕೀವಾದರೆ ಸೋಂಕು ತಲೆಯೊಳಗೆ ಹೋಗಲು ದಾರಿ ಸಲೀಸು. ಐದನೆಯದು ಮೂಳೆಗೆ ಅಂಟಿದ ತೆಳು ಪೊರೆ.

ಇದರಲ್ಲಿ ಕ್ಯಾಶುಯಾಲ್ಟಿಗೆ ಬಹಳ ಮುಖ್ಯವಾದದ್ದು ಆ ಜಾರುವ ಗುಣ. ಏಟು ಬಿದ್ದ ಕ್ಷಣದಲ್ಲಿ ಚರ್ಮ ಒಂದು ಕಡೆ ಎಳೆದುಕೊಂಡಿರುತ್ತದೆ. ಹರಿದ ಮೇಲೆ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಮೂಳೆ ಅಲ್ಲೇ ಇರುತ್ತದೆ. ಹಾಗಾಗಿ ಚರ್ಮದ ತೂತಿನ ನೇರ ಕೆಳಗೆ ಬಿಳಿಯಾದ, ನುಣುಪಾದ, ಒಳ್ಳೆಯ ಮೂಳೆ ಕಾಣಬಹುದು. ಬಿರುಕು ಎರಡು ಸೆಂಟಿಮೀಟರ್ ಆಚೆ ಗಾಯದ ಅಂಚಿನ ಅಡಿಯಲ್ಲಿ ಇರಬಹುದು. "ತಳ ನೋಡಿದೆ, ಸರಿಯಿತ್ತು" ಅನ್ನುವವರು ಎಡವುವುದು ಇಲ್ಲೇ.

ಮೊದಲ ಕೆಲಸ ಗಾಯದ್ದಲ್ಲ

ಉಸಿರು, ನಾಡಿ, ಬಿಪಿ, ಕುತ್ತಿಗೆ. ತಲೆಗೆ ಜೋರು ಏಟು ಬಿದ್ದವರ ಕುತ್ತಿಗೆಯ ಮೂಳೆಯೂ ಮುರಿದಿರಬಹುದು, ಇಲ್ಲ ಅಂತ ಖಾತ್ರಿಯಾಗುವ ತನಕ ತಲೆ ತಿರುಗಿಸಬೇಡಿ. ಸಕ್ಕರೆ ಮಟ್ಟ ನೋಡಿ. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಸ್ಕೋರ್ (ಪೂರ್ತಿ ಎಚ್ಚರ ಅಂದರೆ 15) ಬರೆಯಿರಿ, ಮೊತ್ತ ಒಂದೇ ಬರೆಯದೆ ಕಣ್ಣಿಗೆ ಎಷ್ಟು, ಮಾತಿಗೆ ಎಷ್ಟು, ಕೈಕಾಲಿಗೆ ಎಷ್ಟು ಅಂತ ಬಿಡಿಸಿ ಬರೆಯಿರಿ. 1974ರಲ್ಲಿ ಗ್ಲಾಸ್ಗೋದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಈ ಅಳತೆ ಕೊಟ್ಟದ್ದೇ, ಬೇರೆ ಬೇರೆಯವರು ಬೇರೆ ಬೇರೆ ಹೊತ್ತಿನಲ್ಲಿ ನೋಡಿದರೂ ಒಂದೇ ಭಾಷೆಯಲ್ಲಿ ಹೇಳಲಿ ಅಂತ. ಸ್ಕೋರ್ ಪಕ್ಕದಲ್ಲಿ ಟೈಮ್ ಬರೆಯದಿದ್ದರೆ ಅದರಿಂದ ಅರ್ಧ ಉಪಯೋಗವೂ ಇಲ್ಲ. ಎರಡೂ ಕಣ್ಣಿನ ಪಾಪೆ, ನಾಲ್ಕೂ ಕೈಕಾಲಿನ ಬಲ ನೋಡಿ.

ಕುಡಿದು ಬಂದವರ ಬಗ್ಗೆ ಒಂದು ಮಾತು. ತೊದಲುತ್ತಿದ್ದಾರೆ, ಮಂಪರಿನಲ್ಲಿದ್ದಾರೆ ಅಂದ ತಕ್ಷಣ "ಕುಡಿದದ್ದಕ್ಕೆ" ಅಂತ ಬರೆಯಬೇಡಿ. ತಲೆಗಾಯ ಇದ್ದರೆ ಮಂಪರಿಗೆ ತಲೆಗಾಯವೇ ಕಾರಣ ಅಂತ ಹಿಡಿಯಿರಿ. ಸ್ಕ್ಯಾನ್ ಆಗಿ ಅದಲ್ಲ ಅಂತ ಗೊತ್ತಾದ ಮೇಲೆ ಬೇಕಾದರೆ ಕುಡಿತದ ಮೇಲೆ ಹಾಕಿ.

ರಕ್ತ ನಿಲ್ಲಿಸುವುದನ್ನು ಹಗುರವಾಗಿ ತಗೊಳ್ಳಬೇಡಿ. ತಲೆಗಾಯ ಒಂದರಿಂದಲೇ ದೊಡ್ಡವರೂ ರಕ್ತ ಹೋಗಿ ಬಿಪಿ ಕುಸಿದು ಶಾಕ್‌ಗೆ ಹೋಗಬಹುದು. ಬರುವಾಗ ಸುತ್ತಿದ ದಪ್ಪ ಬ್ಯಾಂಡೇಜಿನ ಅಡಿಯಲ್ಲಿ ಗಾಯ ಹರಿಯುತ್ತಲೇ ಇರುತ್ತದೆ, ದಿಂಬಿನ ಕಡೆ ನೋಡಿದಾಗಲೇ ಗೊತ್ತಾಗುವುದು. ಬಿಚ್ಚಿ ನೋಡಿ. ತಗ್ಗು ಇಲ್ಲ ಅನ್ನಿಸಿದರೆ ಬಟ್ಟೆ ಇಟ್ಟು 5 ನಿಮಿಷ, ಮಧ್ಯೆ ಎತ್ತಿ ನೋಡದೆ, ಗಟ್ಟಿಯಾಗಿ ಒತ್ತಿ. ತಗ್ಗು ಇರುವ ಅನುಮಾನ ಬಂದರೆ ನಡುವೆ ಒತ್ತಬಾರದು. ಗಾಯದ ಅಂಚಿನ ಸುತ್ತ, ಒಳ್ಳೆಯ ಮೂಳೆಯ ಮೇಲೆ ಬೆರಳುಗಳಿಂದ ಒತ್ತಿ. ನಾಳ ಇರುವುದು ಅಂಚಿನಲ್ಲೇ ಆದ್ದರಿಂದ ರಕ್ತವೂ ನಿಲ್ಲುತ್ತದೆ. ಚಿಮ್ಮುವ ನಾಳಕ್ಕೆ ಎಂಟರ ಆಕಾರದ ಒಂದು ಹೊಲಿಗೆ ಅಥವಾ ತಲೆಚರ್ಮದ ಕ್ಲಿಪ್ ಸಾಕು. ಕಣ್ಣುಮುಚ್ಚಿ ಆರ್ಟರಿ ಫೋರ್ಸೆಪ್ಸ್ ತೂರಿಸಬೇಡಿ.

ಈಗ ತಲೆ ನೋಡಿ, ಇಡೀ ತಲೆ

ಒಂದು ದೊಡ್ಡ ಗಾಯ ಸಿಕ್ಕಿತು ಅಂದರೆ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. ಎರಡನೆಯದು ಹಿಂಭಾಗದಲ್ಲಿ, ಹಾಸಿಗೆಗೆ ತಾಗಿಕೊಂಡ ಜಾಗದಲ್ಲಿ ಉಳಿದುಹೋಗುತ್ತದೆ. ರಕ್ತದಲ್ಲಿ ಗಂಟುಕಟ್ಟಿದ ಕೂದಲನ್ನು ಸಲೈನಿನಲ್ಲಿ ನೆನೆಸಿ, ತೊಳೆದು, ಬೆರಳಿನಿಂದ ಸೀಳಿ ಸೀಳಿ ನೋಡಿ. ಗಾಯದ ಸುತ್ತ ಕೂದಲು ಅಡ್ಡ ಬಂದರೆ ಕತ್ತರಿಯಲ್ಲಿ ಗಿಡ್ಡ ಮಾಡಿದರೆ ಸಾಕು, ಬ್ಲೇಡಿನಲ್ಲಿ ಬೋಳಿಸುವುದು ಬೇಡ. ಬೋಳಿಸಿದರೆ ಚರ್ಮದಲ್ಲಿ ಸಣ್ಣ ಸಣ್ಣ ಗೀರು ಬಿದ್ದು ಸೋಂಕಿಗೆ ದಾರಿ ಆಗುತ್ತದೆ. ಹುಬ್ಬನ್ನಂತೂ ಮುಟ್ಟಲೇಬೇಡಿ.

ಆಮೇಲೆ ಎರಡೂ ಕೈಯ ಬೆರಳಿನ ಒಳಭಾಗದಿಂದ ಹಣೆಯಿಂದ ಕುತ್ತಿಗೆಯ ಬುಡದವರೆಗೆ ಹಗುರವಾಗಿ ಸವರಿ. ಎಡ ಬಲ ಒಟ್ಟಿಗೆ ಸವರಿದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಮೆತ್ತನೆಯ ಬುಗುಟು, ತಗ್ಗು, ಒಂದೇ ಬಿಂದುವಿನಲ್ಲಿ ವಿಪರೀತ ನೋವು, ಚರ್ಮದಡಿಯಲ್ಲಿ ಗಾಳಿ ಚರಚರ ಅನ್ನುವುದು, ಇವನ್ನು ಹುಡುಕಿ. ಕಿವಿಯ ಮೇಲಿನ ಕಣತಲೆಯ ಭಾಗಕ್ಕೆ ಒಂದು ನಿಮಿಷ ಜಾಸ್ತಿ ಕೊಡಿ. ಅಲ್ಲಿ ಬುರುಡೆ ತೆಳು, ಒಳಗಡೆ ಮೂಳೆಗೆ ತಾಗಿಕೊಂಡೇ ಒಂದು ಅಪಧಮನಿ ಹೋಗುತ್ತದೆ. ಅಲ್ಲಿನ ಬಿರುಕು ಆ ನಾಳವನ್ನು ಹರಿದರೆ ಮೂಳೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತದೆ. ಮೊದಲು ಪ್ರಜ್ಞೆ ತಪ್ಪಿ, ಆಮೇಲೆ ಸರಿಹೋಗಿ, ಚೆನ್ನಾಗಿ ಮಾತಾಡಿ, ಮತ್ತೆ ಮಂಪರಿಗೆ ಜಾರುವವರು ಇವರಲ್ಲಿ ಸಿಗುತ್ತಾರೆ. ನಡುವಿನ ಆ ಒಳ್ಳೆಯ ಹೊತ್ತಿನಲ್ಲೇ ಅವರು ನಿಮ್ಮ ಮುಂದೆ ಕೂತಿರಬಹುದು.

ಗಾಯದೊಳಗೆ: ಮೊದಲು ಕಣ್ಣು, ಆಮೇಲೆ ಬೆರಳು

ಅವಸರ ಮಾಡಬೇಡಿ. ಒಳ್ಳೆಯ ಬೆಳಕು ಬೇಕು, ಅಂಚು ಹಿಡಿಯಲು ಇನ್ನೊಬ್ಬರು ಬೇಕು, ನೋವಿಗೆ ಮರಗಟ್ಟಿಸುವ ಇಂಜೆಕ್ಷನ್ ಬೇಕು. ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಆದರೆ ರಕ್ತವೂ ಕಡಿಮೆಯಾಗುತ್ತದೆ. ಗರಿಷ್ಠ ಪ್ರಮಾಣ ಕಿಲೋಗೆ 7 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 2 ಪರ್ಸೆಂಟ್ ದ್ರಾವಣದಲ್ಲಿ 21 ಎಂಎಲ್ ಆಗುತ್ತದೆ, ಸಾಮಾನ್ಯವಾಗಿ ಅಷ್ಟು ಬೇಕಾಗುವುದೇ ಇಲ್ಲ. ಸೂಜಿಯನ್ನು ಗಾಯದ ಅಂಚಿನಿಂದ ಚರ್ಮದ ಅಡಿಗೆ, ಮೂಳೆಗೆ ಸಮಾನಾಂತರವಾಗಿ ಹಾಕಿ. ತಳದ ಕಡೆಗೆ ತೋರಿಸಬೇಡಿ. ಮೂಳೆ ಒಡೆದಿದ್ದರೆ ಸೂಜಿ ನೇರ ಒಳಗೆ ಹೋದೀತು.

ಸಲೈನನ್ನು ಮೆಲ್ಲಗೆ ಸುರಿದು ತೊಳೆಯಿರಿ. ಅನುಮಾನ ಇರುವ ಗಾಯಕ್ಕೆ ಸಿರಿಂಜಿನಿಂದ ಜೋರಾಗಿ ಹೊಡೆಯಬೇಡಿ. ಹೆಪ್ಪುಗಟ್ಟಿದ ರಕ್ತ ತಾನಾಗಿ ಬಂದಷ್ಟು ಬರಲಿ. ತಗ್ಗಿನ ಮೇಲೆ ಕೂತ ಹೆಪ್ಪನ್ನು ಕಿತ್ತು ತೆಗೆಯಬೇಡಿ, ನಿಂತಿದ್ದ ರಕ್ತ ಮತ್ತೆ ಚಿಮ್ಮಬಹುದು.

ಸಹಾಯಕರು ಅಂಚುಗಳನ್ನು ಅಗಲಿಸಲಿ. ತಳ ನೋಡಿ. ಒಳ್ಳೆಯ ಮೂಳೆ ಹಳದಿ ಬೆರೆತ ಬಿಳಿ, ನುಣುಪು. ಬಿರುಕು ಇದ್ದರೆ ಸಣ್ಣ ಕೆಂಪು ಅಥವಾ ಕಪ್ಪು ಗೆರೆ ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿ, ಕಣ್ಣು ಕದಲಿಸದೆ ನೋಡುತ್ತಿರಿ. ಮೇಲೆ ಅಂಟಿದ ರಕ್ತ ಆದರೆ ಒರೆಸಿದಾಗ ಹೋಗುತ್ತದೆ. ಬಿರುಕು ಆದರೆ ಗೆರೆ ಉಳಿಯುತ್ತದೆ, ಸ್ವಲ್ಪ ಹೊತ್ತಿಗೆ ಆ ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ರಕ್ತದ ಹನಿ ಮತ್ತೆ ಜಿನುಗುತ್ತದೆ.

ಈಗ ಚರ್ಮ ಜಾರುವ ವಿಷಯ ನೆನಪಿಸಿಕೊಳ್ಳಿ. ಗಾಯದ ಅಂಚನ್ನು ಮೂಳೆಯ ಮೇಲೆ ಮೇಲಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ ಸರಿಸುತ್ತಾ ಅದೇ ಕಿಟಕಿಯಿಂದ ಸುತ್ತಲಿನ ಮೂಳೆಯನ್ನೂ ನೋಡಿ. ಏಟು ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಿದ್ದರೆ ಏಟಿನ ಹೊತ್ತಿಗೆ ಚರ್ಮ ಯಾವ ಕಡೆ ಎಳೆದಿತ್ತು ಅಂತ ಊಹಿಸಬಹುದು. ಆ ಕಡೆ ಇನ್ನೂ ಚೆನ್ನಾಗಿ ನೋಡಿ.

ಕಣ್ಣಿಗೆ ಮೂಳೆ ಒಳಕ್ಕೆ ಹೋದದ್ದೋ, ಮಿದುಳಿನ ಅಂಶವೋ, ಮಿದುಳಿನ ಸುತ್ತಲಿನ ತಿಳಿನೀರು ಬರುವುದೋ ಕಂಡರೆ ಬೆರಳು ಹಾಕುವ ಅಗತ್ಯವೇ ಇಲ್ಲ. ಗೊತ್ತಾಯಿತಲ್ಲ, ನಿಲ್ಲಿಸಿ. ಚೂಪಾದ ವಸ್ತು ಚುಚ್ಚಿದ ಗಾಯಕ್ಕೂ ಬೆರಳು ಬೇಡ, ನೇರ ಸ್ಕ್ಯಾನ್.

ಏನೂ ಕಾಣದಿದ್ದರೆ ಮಾತ್ರ ಬೆರಳು. ಒಡೆದ ಗಾಜು ಅಥವಾ ಲೋಹದ ಚೂರು ಇರಬಹುದಾ ಅಂತ ಮೊದಲು ಯೋಚಿಸಿ, ನಿಮ್ಮ ಬೆರಳೂ ಕುಯ್ಯುತ್ತದೆ. ಸ್ಟೆರೈಲ್ ಗ್ಲೌಸ್ ಹಾಕಿದ ತೋರುಬೆರಳಿನ ತುದಿಯನ್ನು ಗಾಯದಲ್ಲಿ ಇಳಿಸಿ, ಮೂಳೆಯ ಮೇಲೆ ಭಾರ ಹಾಕದೆ ಸುತ್ತಲೂ ಸವರಿ. ಚರ್ಮದ ಅಡಿಗೂ ಎರಡು ಸೆಂಟಿಮೀಟರಿನಷ್ಟು ಹೋಗಿ. ನೀವು ಹುಡುಕುತ್ತಿರುವುದು ಮೆಟ್ಟಿಲು: ಬೆರಳು ನುಣುಪಾಗಿ ಜಾರುತ್ತಾ ಒಂದು ಕಡೆ ಟಕ್ ಅಂತ ಇಳಿಯುವುದು ಅಥವಾ ಚೂಪಾದ ಅಂಚಿಗೆ ತಾಗುವುದು. ಸಿಕ್ಕಿತಾ? ಬೆರಳು ತೆಗೆಯಿರಿ. ಎಷ್ಟು ಆಳ, ಅಲುಗಾಡುತ್ತದಾ ಅಂತ ಒತ್ತಿ ನೋಡುವ ಚಪಲ ಬರುತ್ತದೆ. ಬೇಡ. ಅದನ್ನು ಸ್ಕ್ಯಾನ್ ಹೇಳುತ್ತದೆ. ಪ್ರೋಬು, ಫೋರ್ಸೆಪ್ಸ್ ಹಾಕಿ ಕೆದಕುವುದಂತೂ ಖಂಡಿತ ಬೇಡ.

ಮೋಸ ಮಾಡುವವು

ಬುಗುಟು ಎರಡೂ ಕಡೆ ಮೋಸ ಮಾಡುತ್ತದೆ. ಗೇಲಿಯಾ ಅಡಿಯಲ್ಲಿ ರಕ್ತ ತುಂಬಿದಾಗ ನಡುಭಾಗ ಮೆತ್ತಗೆ, ಅಂಚು ಹೆಪ್ಪುಗಟ್ಟಿ ಗಟ್ಟಿ ಇರುತ್ತದೆ. ಮುಟ್ಟಿದರೆ ಮೂಳೆ ಒಳಕ್ಕೆ ಹೋದ ಹಾಗೇ ಅನ್ನಿಸುತ್ತದೆ, ಇಲ್ಲದ ತಗ್ಗು ಕೈಗೆ ಸಿಗುತ್ತದೆ. ಅದೇ ರಕ್ತ ನಿಜವಾದ ತಗ್ಗಿನ ಮೇಲೆ ತುಂಬಿಕೊಂಡರೆ ಮೇಲ್ಮೈ ಸಮ ಆಗಿ, ಇರುವ ತಗ್ಗು ಕೈಗೆ ಸಿಗುವುದಿಲ್ಲ. ಊದಿಕೊಂಡ ತಲೆಯ ಮೇಲೆ "ಕೈಗೆ ಏನೂ ಸಿಗಲಿಲ್ಲ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಹರಿದ ಗೇಲಿಯಾದ ಅಂಚು ಇನ್ನೊಂದು. ಬೆರಳಿಗೆ ಅದೂ ಮೆಟ್ಟಿಲೇ. ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳಿ ನೋಡಿ. ಗೇಲಿಯಾ ಸರಿಯುತ್ತದೆ, ಮೂಳೆ ಸರಿಯುವುದಿಲ್ಲ.

ಮೂರನೆಯದು ಬುರುಡೆಯ ಹೊಲಿಗೆಗೆರೆಗಳು, ಅಂದರೆ ಸ್ಯೂಚರ್. ತಲೆಯ ಮೇಲೆ ಅಡ್ಡಲಾಗಿ ಒಂದು, ನಡು ನೆತ್ತಿಯಲ್ಲಿ ಉದ್ದಕ್ಕೆ ಒಂದು, ಹಿಂದೆ ಕವಲೊಡೆದ ಒಂದು. ಇವು ವಂಕಿವಂಕಿಯಾಗಿ, ಎಡಬಲ ಒಂದೇ ಥರ ಇರುತ್ತವೆ. ಬಿರುಕು ಸಾಮಾನ್ಯವಾಗಿ ನೇರ, ಚೂಪು, ಒಂದೇ ಕಡೆ. ಆದರೂ ಇದು ಸುಲಭ ಅಂದುಕೊಳ್ಳಬೇಡಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಹಿಪ್ಪೊಕ್ರೇಟಿಸನೇ ಎಡವಿದ ಅಂತ ದಾಖಲೆ ಇದೆ. ಕಲ್ಲೇಟು ಬಿದ್ದ ರೋಗಿ, ಗಾಯ ಹೊಲಿಗೆಗೆರೆಯ ಹತ್ತಿರ. ಗೆರೆಗಳೇ ತನ್ನನ್ನು ಮೋಸ ಮಾಡಿದವು, ಮೂಳೆಗೆ ತೂತು ಕೊರೆಯಬೇಕಿತ್ತು ಅಂತ ತಿಳಿಯಲಿಲ್ಲ ಎಂದು ಅಲ್ಲಿ ಬರೆದಿದೆ. ರೋಗಿ ಉಳಿಯಲಿಲ್ಲ. ಆ ಕಾಲದವರು ಬಿರುಕು ಪತ್ತೆ ಮಾಡಲು ಮೂಳೆಗೆ ಕಪ್ಪು ಬಣ್ಣ ಬಳಿದು, ಆಮೇಲೆ ಮೂಳೆಯನ್ನು ಕೆರೆಯುತ್ತಿದ್ದರು. ಮೇಲಿನ ಕಪ್ಪು ಹೋಗುತ್ತದೆ, ಬಿರುಕಿನೊಳಗೆ ಇಳಿದದ್ದು ಉಳಿಯುತ್ತದೆ. ಇವತ್ತು ನಾವು ಒದ್ದೆ ಬಟ್ಟೆಯಿಂದ ಒರೆಸಿ, ಜಿನುಗುವ ರಕ್ತ ನೋಡುವುದರ ಹಿಂದಿರುವುದೂ ಅದೇ ತರ್ಕ. ಬಣ್ಣವೊಂದು ಬೇಡ, ಅಷ್ಟೇ.

ಹೊಲಿಗೆಗೆರೆಯೋ ಬಿರುಕೋ ಅಂತ ಎರಡು ಮನಸ್ಸಾದರೆ ಬಿರುಕು ಅಂತಲೇ ಹಿಡಿದು ಸ್ಕ್ಯಾನಿಗೆ ಕಳಿಸಿ.

ಗಾಯದಿಂದ ದೂರದಲ್ಲಿ ಸಿಗುವ ಸುಳಿವು

ಬುರುಡೆಯ ತಳ ಒಡೆದದ್ದು ನೆತ್ತಿಯ ಗಾಯದಲ್ಲಿ ಕಾಣುವುದಿಲ್ಲ. ಎರಡೂ ಕಣ್ಣಿನ ಸುತ್ತ ಕಪ್ಪುಗಟ್ಟುವುದು, ಕಿವಿಯ ಹಿಂದಿನ ಮೂಳೆಯ ಮೇಲೆ ನೀಲಿ ಕಲೆ, ಕಿವಿತಮಟೆಯ ಹಿಂದೆ ರಕ್ತ, ಮೂಗು ಅಥವಾ ಕಿವಿಯಿಂದ ನೀರು, ಒಂದು ಕಡೆಯ ಮುಖ ಸೊಟ್ಟಗಾಗುವುದು, ಕಿವಿ ಕೇಳದಿರುವುದು. ಕಿವಿಯ ಹಿಂದಿನ ಕಲೆಗೆ ಬ್ಯಾಟಲ್ಸ್ ಸೈನ್ ಅನ್ನುತ್ತಾರೆ, ವಿಲಿಯಂ ಹೆನ್ರಿ ಬ್ಯಾಟಲ್ ಅನ್ನುವ ಇಂಗ್ಲಿಷ್ ಸರ್ಜನ್ ಹೆಸರಲ್ಲಿ. ಅದು ಮೂಡಲು ಗಂಟೆಗಳು, ಕೆಲವೊಮ್ಮೆ ಒಂದೆರಡು ದಿನ ಬೇಕು. ಪೆಟ್ಟಾದ ಅರ್ಧ ಗಂಟೆಗೇ ಕಲೆ ಇಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಓಟೋಸ್ಕೋಪ್ ಹಿಡಿದು ಕಿವಿ ನೋಡುವುದು ಒಂದು ನಿಮಿಷದ ಕೆಲಸ, ಆದರೆ ಬಿಟ್ಟುಹೋಗುವುದು ಅದೇ.

ಬಟ್ಟೆಯ ಮೇಲೆ ಹನಿ ಬಿಟ್ಟು ರಕ್ತದ ಸುತ್ತ ತಿಳಿ ವೃತ್ತ ಬಂದರೆ ಅದು ಮಿದುಳಿನ ಸುತ್ತಲಿನ ನೀರು ಅನ್ನುವ ಹಳೆಯ ಪರೀಕ್ಷೆ ಇದೆ. ಕಣ್ಣೀರು, ಸಿಂಬಳ, ಸಲೈನ್ ಬೆರೆತರೂ ವೃತ್ತ ಬರುತ್ತದೆ. ಅದನ್ನೇ ನಂಬಬೇಡಿ. ಖಾತ್ರಿ ಬೇಕಾದರೆ ಲ್ಯಾಬಿನಲ್ಲಿ ಆ ನೀರಿನಲ್ಲಿರುವ ಪ್ರೋಟೀನ್ ಬೀಟಾ 2 ಟ್ರಾನ್ಸ್‌ಫೆರಿನ್ ನೋಡುತ್ತಾರೆ. ಇಂಥ ಅನುಮಾನ ಇದ್ದವರ ಮೂಗಿನಿಂದ ಟ್ಯೂಬ್ ಹಾಕಬೇಡಿ, ಬೇಕೇ ಬೇಕು ಅಂದರೆ ಬಾಯಿಯಿಂದ ಹಾಕಿ.

ಸ್ಕ್ಯಾನ್ ಯಾರಿಗೆ?

ತೆರೆದ (ಮೇಲಿನ ಚರ್ಮವೂ ಹರಿದ) ಅಥವಾ ಒಳಕ್ಕೆ ತಗ್ಗಿದ ಬುರುಡೆಬಿರುಕಿನ ಅನುಮಾನ, ಇದೊಂದೇ ಸಾಕು. ಗ್ಲಾಸ್ಗೋ ಸ್ಕೋರ್ 15 ಇದ್ದರೂ ಸಿಟಿ ಸ್ಕ್ಯಾನ್ ಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ 2023ರ ಮಾರ್ಗಸೂಚಿ ಇಂಥವರಿಗೆ ಒಂದು ಗಂಟೆಯೊಳಗೆ ಸಿಟಿ ಮಾಡಿ ಅನ್ನುತ್ತದೆ. ದೊಡ್ಡವರಲ್ಲಿ ಅದೇ ಒಂದು ಗಂಟೆಯ ಪಟ್ಟಿಯಲ್ಲಿ ಉಳಿದವೂ ಇವೆ: ಬಂದಾಗ ಸ್ಕೋರ್ 12 ಅಥವಾ ಕಡಿಮೆ, ಪೆಟ್ಟಾಗಿ 2 ಗಂಟೆಯಾದರೂ 15ಕ್ಕೆ ಬಾರದ್ದು, ಬುರುಡೆ ತಳದ ಬಿರುಕಿನ ಯಾವುದೇ ಲಕ್ಷಣ, ಪೆಟ್ಟಿನ ನಂತರ ಫಿಟ್ಸ್, ಕೈಕಾಲು ಸೋಲು, ಒಂದಕ್ಕಿಂತ ಹೆಚ್ಚು ವಾಂತಿ. 2001ರ ಕೆನಡಾದ ಸಿಟಿ ನಿಯಮದಲ್ಲೂ ತೆರೆದ ಅಥವಾ ತಗ್ಗಿದ ಬಿರುಕಿನ ಅನುಮಾನ ಹೆಚ್ಚಿನ ಅಪಾಯದ ಗುಂಪಿನಲ್ಲೇ ಇದೆ. ವಯಸ್ಸು 65 ಅಥವಾ ಹೆಚ್ಚಿದ್ದರೆ ಅದೂ ಇದೇ ಗುಂಪು. ಎರಡೂ ಪಟ್ಟಿಗಳಲ್ಲಿ "ಅನುಮಾನ" ಅಂತಿದೆ, "ಖಾತ್ರಿ" ಅಂತಿಲ್ಲ ಅನ್ನುವುದನ್ನು ಗಮನಿಸಿ.

ಎಕ್ಸ್‌ರೇ ಸಾಲದು. ಬಿರುಕು ಕಂಡರೂ ಒಳಗಿನ ರಕ್ತಸ್ರಾವ ಕಾಣುವುದಿಲ್ಲ. ಬಿರುಕು ಕಾಣಲಿಲ್ಲ ಅಂದರೆ ಒಳಗೆ ಎಲ್ಲ ಸರಿ ಅಂತಲೂ ಅಲ್ಲ. ಸಿಟಿಯೇ ಇಲ್ಲದ ಕಡೆ ಇದ್ದೀರಿ ಅಂದರೆ ಎಕ್ಸ್‌ರೇ ತೆಗೆಯುತ್ತಾ ಹೊತ್ತು ಕಳೆಯುವ ಬದಲು ಸಿಟಿ ಇರುವ ಕಡೆ ಕಳಿಸುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಸಿಟಿ ಕೇಳುವಾಗ ಫಾರ್ಮಿನಲ್ಲಿ ಸುಮ್ನೆ "ತಲೆಗಾಯ" ಅಂತ ಬರೆಯಬೇಡಿ. "ಬಲ ಕಿವಿಯ ಮೇಲೆ 3 ಸೆಂಟಿಮೀಟರ್ ಗಾಯ, ತಳದಲ್ಲಿ ಮೆಟ್ಟಿಲು ಸಿಕ್ಕಿದೆ" ಅಂತ ಬರೆದರೆ ನೋಡುವವರ ಕಣ್ಣು ನೇರ ಅಲ್ಲಿಗೆ ಹೋಗುತ್ತದೆ. ಮೂಳೆ ಕಾಣುವ ಬೋನ್ ವಿಂಡೋ ಬೇಕು ಅಂತಲೂ ಬರೆಯಿರಿ. ನೆತ್ತಿಯ ಮೇಲಿನ ಬಿರುಕು ಸ್ಕ್ಯಾನಿನ ಅಡ್ಡ ಹಾಳೆಗಳಿಗೆ ಸಮಾನಾಂತರವಾಗಿ ಮಲಗಿದ್ದರೆ ಎರಡು ಹಾಳೆಗಳ ನಡುವೆ ತಪ್ಪಿಸಿಕೊಳ್ಳುತ್ತದೆ. ಅಂಥ ಕಡೆ ಕರೋನಲ್ (ಕಿವಿಯಿಂದ ಕಿವಿಗೆ ನಿಲುವಾಗಿ ಸೀಳಿದ) ನೋಟವನ್ನೂ 3ಡಿ ಚಿತ್ರವನ್ನೂ ಕೇಳಿ ಪಡೆಯಿರಿ.

ಸಿಕ್ಕಿತು. ಮುಂದೆ?

ಒಳಗಿರುವುದು ಒಳಗೇ ಇರಲಿ. ಮೂಳೆಚೂರು ಸಡಿಲವಾಗಿ ಕಂಡರೂ ಎಳೆಯಬೇಡಿ. ನಡು ನೆತ್ತಿಯ ಅಡಿಯಲ್ಲಿ ದೊಡ್ಡ ಸಿರೆ ಇದೆ. ಚೂರು ಅದರೊಳಗೆ ಚುಚ್ಚಿಕೊಂಡು ತೂತನ್ನು ತಾನೇ ಮುಚ್ಚಿರಬಹುದು. ಕಿತ್ತರೆ ಕ್ಯಾಶುಯಾಲ್ಟಿಯಲ್ಲಿ ನಿಲ್ಲಿಸಲಾಗದಷ್ಟು ರಕ್ತ ಬರುತ್ತದೆ. ಚುಚ್ಚಿಕೊಂಡ ಚಾಕು, ಸಲಾಕೆಗೂ ಇದೇ ಮಾತು. ಅಲುಗಾಡದ ಹಾಗೆ ಸುತ್ತ ಬಟ್ಟೆ ಕಟ್ಟಿ, ಆಪರೇಷನ್ ಥಿಯೇಟರಿನಲ್ಲಿ ತೆಗೆಯಲಿ.

ಸಲೈನಿನಲ್ಲಿ ನೆನೆಸಿದ ಸ್ಟೆರೈಲ್ ಬಟ್ಟೆ ಮುಚ್ಚಿ. ಸುತ್ತ ಬಟ್ಟೆಯ ಉಂಗುರ ಮಾಡಿಟ್ಟು ಅದರ ಮೇಲೆ ಬ್ಯಾಂಡೇಜ್ ಸುತ್ತಿದರೆ ತಗ್ಗಿನ ಮೇಲೆ ಭಾರ ಬೀಳುವುದಿಲ್ಲ. ಬಾಯಿಂದ ಏನನ್ನೂ ಕೊಡಬೇಡಿ. ಬಿಪಿ ಸರಿಯಿದ್ದರೆ ತಲೆ ಕಡೆಯನ್ನು 30 ಡಿಗ್ರಿ ಎತ್ತಿ. ಕುತ್ತಿಗೆಯ ಅನುಮಾನ ಇನ್ನೂ ಇದ್ದರೆ ಸೊಂಟ ಬಗ್ಗಿಸದೆ ಇಡೀ ಮಂಚವನ್ನೇ ಓರೆ ಮಾಡಿ. ಟಿಟಿ ಕೊಡಿ. ತೆರೆದ ಬಿರುಕಿಗೆ ಆಂಟಿಬಯೋಟಿಕ್ ನಿಮ್ಮ ಆಸ್ಪತ್ರೆಯ ಪದ್ಧತಿಯಂತೆ, ನ್ಯೂರೋಸರ್ಜನ್ ಜೊತೆ ಮಾತಾಡಿ ಕೊಡಿ. ರಕ್ತ ನಿಲ್ಲದೆ, ದೂರ ಕಳಿಸಬೇಕಾಗಿ ಬಂದರೆ ಅವರನ್ನು ಕೇಳಿ ತಾತ್ಕಾಲಿಕವಾಗಿ ಚರ್ಮವನ್ನು ಒಂದು ಪದರದಲ್ಲಿ ಹೊಲಿಯಬಹುದು. ಅದು ತಾತ್ಕಾಲಿಕ ಅಂತ ಕಾಗದದಲ್ಲಿ ದೊಡ್ಡದಾಗಿ ಬರೆಯಿರಿ.

ಫೋನಿನಲ್ಲಿ ನ್ಯೂರೋಸರ್ಜನ್ನರಿಗೆ ಬೇಕಾಗುವುದು ವಯಸ್ಸು, ಏಟಿನ ಹೊತ್ತು ಮತ್ತು ಬಗೆ, ಮೊದಲ ಸ್ಕೋರ್, ಈಗಿನ ಸ್ಕೋರ್, ಪಾಪೆ, ಕೈಕಾಲು, ಗಾಯದ ಜಾಗ, ನೀರು ಸೋರುತ್ತಿದೆಯಾ, ರಕ್ತ ತೆಳುವಾಗಿಸುವ ಮಾತ್ರೆ. ತಗ್ಗಿದ ಬಿರುಕಿಗೆಲ್ಲ ಆಪರೇಷನ್ ಆಗುವುದಿಲ್ಲ. ತೆರೆದ ಗಾಯದಲ್ಲಿ ಚೂರು ಬುರುಡೆಯ ದಪ್ಪಕ್ಕಿಂತ ಆಳಕ್ಕೆ ಹೋಗಿದ್ದರೆ ಸಾಮಾನ್ಯವಾಗಿ ಮಾಡುತ್ತಾರೆ. ಮಿದುಳಿನ ಹೊದಿಕೆ ಹರಿಯದೆ, ಗಾಯ ಕೊಳೆಯಾಗದೆ, ಒಳಗೆ ರಕ್ತ ಅಥವಾ ಗಾಳಿ ಇಲ್ಲದೆ ಇದ್ದರೆ ಕಾದು ನೋಡುವುದೂ ಉಂಟು. ಆ ತೀರ್ಮಾನ ಅವರದ್ದು.

ಮಕ್ಕಳು

ಮಕ್ಕಳ ಲೆಕ್ಕ ಬೇರೆ. ಎಳೆಯ ಬುರುಡೆ ಒಡೆಯದೆ ಬಗ್ಗುತ್ತದೆ, ಅದುಮಿದ ಪಿಂಗ್‌ಪಾಂಗ್ ಚೆಂಡಿನ ಹಾಗೆ ತಗ್ಗು ಬೀಳುತ್ತದೆ. ಚರ್ಮದ ಮೇಲೆ ಗಾಯವೇ ಇಲ್ಲದಿರಬಹುದು. ಒಂದು ವರ್ಷದೊಳಗಿನ ಮಗುವಿನ ತಲೆಯಲ್ಲಿ 5 ಸೆಂಟಿಮೀಟರಿಗಿಂತ ದೊಡ್ಡ ಊತ, ಕಲೆ ಅಥವಾ ಗಾಯ ಇದ್ದರೆ ನೈಸ್ ಪ್ರಕಾರ ಒಂದು ಗಂಟೆಯೊಳಗೆ ಸಿಟಿ. 42,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2009ರಲ್ಲಿ ಅಮೆರಿಕದವರು ಮಾಡಿದ, ಯಾವ ಮಗುವಿಗೆ ಸಿಟಿ ಬೇಕು ಅಂತ ತೀರ್ಮಾನಿಸುವ ಪೆಕಾರ್ನ್ ನಿಯಮದಲ್ಲಿ ಎರಡು ವರ್ಷದೊಳಗಿನವರಿಗೆ ಒಂದು ಉಪಯುಕ್ತ ಸುಳಿವಿದೆ. ಹಣೆಯ ಬುಗುಟಿಗಿಂತ ತಲೆಯ ಪಕ್ಕ ಮತ್ತು ಹಿಂದಿನ ಬುಗುಟು ಹೆಚ್ಚು ಅನುಮಾನಕ್ಕೆ ಅರ್ಹ. ಹಣೆ ಗಟ್ಟಿ, ಮಕ್ಕಳು ಮುಗ್ಗರಿಸಿದಾಗಲೆಲ್ಲ ತಗಲುವುದೂ ಅದಕ್ಕೇ. "ಇವನು ಎಂದಿನ ಹಾಗಿಲ್ಲ ಡಾಕ್ಟ್ರೇ" ಅಂತ ತಾಯಿ ಹೇಳಿದರೆ ಅದೂ ಆ ನಿಯಮದ ಒಂದು ಅಂಶ, ತಳ್ಳಿಹಾಕಬೇಡಿ.

ಎಳೆಕೂಸಿನ ಗೇಲಿಯಾ ಅಡಿಯಲ್ಲೇ ಶಾಕ್ ಆಗುವಷ್ಟು ರಕ್ತ ತುಂಬಬಹುದು. ನೆತ್ತಿಯ ಮೆತ್ತನೆಯ ಜಾಗ ಉಬ್ಬಿದೆಯಾ, ಮಗು ಬಿಳಿಚಿಕೊಂಡಿದೆಯಾ ನೋಡಿ. ಹೇಳುವ ಕಥೆಗೂ ಗಾಯಕ್ಕೂ ಹೊಂದಿಕೆಯಾಗದಿದ್ದರೆ, ಇನ್ನೂ ಮಗುಚದ ಕೂಸು "ತಾನೇ ಉರುಳಿ ಬಿತ್ತು" ಅಂದರೆ, ಯಾರಾದರೂ ಹೊಡೆದಿರಬಹುದಾ ಅನ್ನುವ ಪ್ರಶ್ನೆಯನ್ನೂ ಕೇಳಿಕೊಳ್ಳಲೇಬೇಕು. ಮಕ್ಕಳ ಡಾಕ್ಟರನ್ನು ಕರೆಸಿ. ಮೂರು ವರ್ಷದೊಳಗಿನವರಲ್ಲಿ ಕೆಲವು ಬಿರುಕುಗಳು ಕೂಡುವ ಬದಲು ವಾರ, ತಿಂಗಳು ಕಳೆದ ಹಾಗೆ ಅಗಲವಾಗುತ್ತವೆ. ಬಿರುಕು ಇದ್ದ ಮಗುವನ್ನು ಮತ್ತೆ ಕರೆಸಿ ನೋಡುವುದು ಅದಕ್ಕೇ.

ಏನೂ ಇಲ್ಲ ಅಂತ ಖಾತ್ರಿಯಾದರೆ

ಆಗ ಹೊಲಿಯಿರಿ. ಗೇಲಿಯಾ ಹರಿದಿದ್ದರೆ ಮೊದಲು ಕರಗುವ ದಾರದಿಂದ ಅದನ್ನು ಹೊಲಿದು, ಆಮೇಲೆ ಚರ್ಮ. ಗೇಲಿಯಾ ಬಿಟ್ಟು ಚರ್ಮ ಮಾತ್ರ ಕೂಡಿಸಿದರೆ ಅಡಿಯಲ್ಲಿ ರಕ್ತ ತುಂಬುತ್ತದೆ, ಸೋಂಕಿಗೂ ಜಾಗ ಆಗುತ್ತದೆ. ಹಣೆಯಲ್ಲಾದರೆ ಹುಬ್ಬೇರಿಸುವ ಸ್ನಾಯುವೂ ಸರಿಯಾಗಿ ಕೂಡುವುದಿಲ್ಲ. ಕೇಸ್ ಶೀಟಿನಲ್ಲಿ "ಹೊಲಿಗೆ ಹಾಕಿದೆ" ಅನ್ನುವುದರ ಮುಂಚೆ "ತಳ ಕಂಡಿದೆ, ಸುತ್ತಲೂ ಬೆರಳಿನಿಂದ ನೋಡಿದೆ, ಮೆಟ್ಟಿಲು ಇಲ್ಲ" ಅಂತ ಬರೆಯಿರಿ. ಹಾಗೆ ಬರೆಯಬೇಕು ಅಂತಿದ್ದರೆ ನೋಡುವುದೂ ತಪ್ಪುವುದಿಲ್ಲ.

ಮನೆಗೆ ಕಳಿಸುವಾಗ ಮೊದಲ 24 ಗಂಟೆ ಜೊತೆಗೆ ದೊಡ್ಡವರೊಬ್ಬರು ಇರಬೇಕು. ತಲೆನೋವು ಏರುತ್ತಾ ಹೋದರೆ, ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಮೂಗು ಅಥವಾ ಕಿವಿಯಿಂದ ನೀರು ಬಂದರೆ, ಕಿವಿಯ ಹಿಂದೆ ಅಥವಾ ಕಣ್ಣಿನ ಸುತ್ತ ಹೊಸದಾಗಿ ಕಪ್ಪಾದರೆ ತಕ್ಷಣ ವಾಪಸ್. ಬಾಯಲ್ಲಿ ಹೇಳಿದ್ದು ಆ ಗಾಬರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ, ಚೀಟಿಯಲ್ಲಿ ಬರೆದುಕೊಡಿ.

ಏಳರಿಂದ ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಸಲು ಬರುತ್ತಾರೆ. ಅವತ್ತು ಕತ್ತರಿ ಹಿಡಿಯುವ ಮುಂಚೆ ಇನ್ನೊಮ್ಮೆ ಬೆರಳು ಆಡಿಸಿ. ಊತ ಇಳಿದಿರುತ್ತದೆ, ಮೊದಲ ದಿನ ಸಿಗದ ತಗ್ಗು ಈಗ ಕೈಗೆ ಸಿಗಬಹುದು. ತಲೆನೋವು ಹೋಗಿಲ್ಲ, ಜ್ವರ ಇದೆ, ಗಾಯ ಸೋರುತ್ತಿದೆ, ಹಣೆಯ ಮೇಲೆ ಮೆತ್ತನೆಯ ಊತ ಹೊಸದಾಗಿ ಎದ್ದಿದೆ ಅಂದರೆ ಅಡಿಯ ಮೂಳೆಗೆ ಸೋಂಕು ತಗುಲಿರಬಹುದು. ಅಂಥವರಿಗೆ ಮಾತ್ರೆ ಬದಲಿಸಿ ಕಳಿಸಬೇಡಿ, ಸ್ಕ್ಯಾನಿಗೆ ಬರೆಯಿರಿ.